ಕಾಫಿ ಹೂ ಬಿಟ್ಟ ಹಾಳೆ

ಅವ್ವನ ಪುಸ್ತಕದ ಚಿತ್ರಗಳನ್ನು ಕತ್ತರಿಸಿ ಫ್ರೇಮ್ ಹಾಕಿಸುತ್ತೇನೆ ಎಂದು ನನ್ನ ಅಣ್ಣನ ಮಗ ಲಿಖಿತ್ ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಬಣಕಲ್ ಹತ್ತಿರ ಅವನು ಹೋಂಸ್ಟೇ ಶುರು ಮಾಡುತ್ತಿದ್ದ. ಗೋಡೆಗೆ ಹಳೆಯ ಕಾಲದ್ದೇನಾದರೂ ಬೇಕಿತ್ತಂತೆ.

ಅದು ಡೆನ್ಮಾರ್ಕ್ ದೇಶದ ಕಿನ್ನರ ಕಥೆಗಳ ಪುಸ್ತಕ, ಇಂಗ್ಲಿಷಿನಲ್ಲಿದೆ. ಅವ್ವನ ಅಪ್ಪ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಬಿಳಿ ದೊರೆ ತನ್ನ ಊರಿಗೆ ಹೊರಡುವ ಮುಂಚೆ ಕೊಟ್ಟಿದ್ದು. ಬಣ್ಣದ ಚಿತ್ರಗಳು, ಪ್ರತಿ ಚಿತ್ರದ ಮೇಲೂ ತೆಳು ಕಾಗದ. ಅವ್ವನಿಗೆ ಇಂಗ್ಲಿಷ್ ಬಾರದು. ಚಿತ್ರಗಳನ್ನೇ ಒಂದರ ಹಿಂದೊಂದು ನೋಡಿ, ಎಲ್ಲ ಸೇರಿಸಿ ಒಬ್ಬಳೇ ಹುಡುಗಿಯ ಕಥೆ ಕಟ್ಟಿದ್ದಳು. ಅದನ್ನೇ ನಮಗೆ ಹೇಳಿದಳು, ಲಿಖಿತ್‌ಗೂ ಹೇಳಿದಳು.

ಭಾನುವಾರ ಅವನು ಬ್ಲೇಡು ತಂದು ಜಗಲಿಯಲ್ಲಿ ಕೂತ. ಮೊದಲು ಆರಿಸಿದ್ದೇ ಒಳ್ಳೆಯ ಚಿತ್ರವನ್ನು. ಗಿಡಮರವೆಲ್ಲ ಬೆಳ್ಳಗಿವೆ, ಕೆಳಗೆ ಬರಿಗಾಲ ಹುಡುಗಿ. ನಾನು ಬಾಯಿಗೆ ಬಂದಂತೆ ಬೈದೆ. ಅವನು ನಗುತ್ತಲೇ ವಾದಿಸಿದ. ಇವೆಲ್ಲ ಬೇರೆ ಬೇರೆ ಕಥೆಗಳಂತೆ, ಒಂದು ಚಿತ್ರ ತೆಗೆದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲವಂತೆ. ಪಕ್ಕದಲ್ಲಿ ಕೂತಿದ್ದ ಅವ್ವ, ಇದು ಕಾಫಿ ಹೂ ಬಿಟ್ಟ ಹಾಳೆ ಎಂದಳು.

"ಅಜ್ಜಿ, ಅದು ಹಿಮ. ಅವರ ಊರಲ್ಲಿ ಬೀಳುತ್ತೆ."

"ಹಿಮ ಆಗಿದ್ರೆ ಬರಿಗಾಲಲ್ಲಿ ನಿಲ್ತಿದ್ಲಾ ಮಾರಾಯ? ಬೇಸಿಗೆಯ ಹೂಮಳೆ ಬಿದ್ದು ಕಾಫಿ ಹೂ ಬಿಟ್ಟಿದೆ. ಗಿಡ ಅಲ್ಲಾಡಿಸಿದ್ರೆ ಹೂ ಉದುರುತ್ತೆ ಅಂತ ಸುಮ್ನೆ ನಿಂತಿದಾಳೆ."

ಅವ್ವ ಹಾಳೆ ಮಗುಚಿ ಮುಂದಿನ ಚಿತ್ರ ತೋರಿಸಿದಳು. ಅದರಲ್ಲಿ ಹುಡುಗಿಯೊಬ್ಬಳು ಕೆಂಪು ಹಣ್ಣಿನ ಬುಟ್ಟಿ ಹೊತ್ತಿದ್ದಾಳೆ.

"ಹೂವಿನ ಹಾಳೆ ನೀನು ಕಿತ್ಕೊಂಡ್ರೆ ಈ ಹಣ್ಣು ಎಲ್ಲಿಂದ ಬರ್ಬೇಕು?"

ಹಿಂದಿನ ವರ್ಷ ಅಕಾಲದ ಮಳೆಗೆ ಲಿಖಿತ್‌ನ ಕಾಫಿ ತೋಟದ ಹೂ ಕೊಳೆತು, ಗಿಡದಲ್ಲಿ ಹಣ್ಣೇ ನಿಂತಿರಲಿಲ್ಲ. ನನ್ನ ಬೈಗುಳಕ್ಕೆಲ್ಲ ವಾದಿಸಿದವನು ಈಗ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ಮೊಬೈಲಿನಲ್ಲಿ ಫೋಟೋ ತೆಗೆಯಲಾ ಎಂದು ಕೇಳಿದ. ಫೋಟೋ ತೆಗೆದರೆ ಪುಸ್ತಕದಿಂದ ಏನೂ ಹೋಗುವುದಿಲ್ಲ, ತೆಗೆದುಕೋ ಎಂದಳು ಅವ್ವ.

ಹಳೇ ಹಾಳೆಗಳು ಬಿಡಿಸಿಟ್ಟರೆ ನಿಲ್ಲುತ್ತಿರಲಿಲ್ಲ. ಅವ್ವ ಒಂದೊಂದನ್ನೂ ಕೈಯಲ್ಲಿ ಒತ್ತಿ ಹಿಡಿದಳು. ಫೋಟೋದಲ್ಲಿ ಬೆರಳು ಬರುತ್ತೆ, ಕೈ ತೆಗಿ ಎಂದು ನಾನು ರೇಗಿದೆ. ತೆಗೆದರೆ ಹಾಳೆ ಮುಚ್ಚಿಕೊಳ್ಳುತ್ತಿತ್ತು.

ಈಗ ಹೋಂಸ್ಟೇ ಗೋಡೆಯ ಮೇಲೆ ಆ ಫೋಟೋಗಳಿವೆ. ಎಲ್ಲದರ ಮೂಲೆಯಲ್ಲೂ ಅವ್ವನ ಹೆಬ್ಬೆರಳು. ಕಂಪ್ಯೂಟರಿನಲ್ಲಿ ಅಳಿಸಬಹುದಂತೆ, ಲಿಖಿತ್ ಅಳಿಸಲಿಲ್ಲ.