ಹಿಂದಿನ ಪರವಾ, ಮುಂದಿನ ಪರವಾ

ಕುಡಚಿ ಸ್ಟೇಷನ್ನಿನಿಂದ ಊರ ಕಡೆ ಬರುವ ರಸ್ತೆಯಲ್ಲಿ ಆಸಿಫನ ಶೆಡ್ಡು ಇದೆ. ಅಲ್ಲಿ ಟ್ರ್ಯಾಕ್ಟರಿಗೆ ಕಟ್ಟುವ ಟ್ರಾಲಿ ಮಾಡುತ್ತಾರೆ. ಮೈಬೂಬ ಆಸಿಫನ ಅಪ್ಪನ ಕಾಲದಿಂದ, ಮೂವತ್ತೊಂದು ವರ್ಷದಿಂದ, ಅಲ್ಲಿ ಪತ್ರಾ, ಅಂದರೆ ಕಬ್ಬಿಣದ ತಗಡು, ಕತ್ತರಿಸುವವನು. ಕಬ್ಬಿನ ಹಂಗಾಮಿಗೆ ಮೊದಲಿನ ಎರಡು ತಿಂಗಳು ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ.

ಮೊದಲು ಆರ್ಡರುಗಳೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದ ಖಡುವಿನಲ್ಲಿ ಇರುತ್ತಿದ್ದವು. ಗಿರಾಕಿ ಮನಸ್ಸು ಬದಲಿಸಿದರೆ ಅಂಗೈಯಿಂದ ಒರೆಸಿ ಹೊಸದು ಬರೆಯುವುದು. ಹೋದ ವರ್ಷ ಆಸಿಫ ಕಂಪ್ಯೂಟರಿನಲ್ಲಿ ಪ್ಲಾನಿಂಗ್ ಸಾಫ್ಟ್‌ವೇರ್ ಹಾಕಿಸಿ, ಅದನ್ನು ನೋಡಿಕೊಳ್ಳಲು ರಾಯಬಾಗದ ಮಯೂರಿಯನ್ನು ಇಟ್ಟುಕೊಂಡ. ಯಾವ ಟ್ರಾಲಿ ಯಾವ ದಿನ ಹೋಗಬೇಕು, ಅದಕ್ಕೆ ಎಷ್ಟು ಪತ್ರಾ, ಯಾವ ಅಳತೆ, ಎಲ್ಲವನ್ನೂ ಅದು ಕೂಡಿಸಿ ಚೀಟಿ ತೆಗೆದು ಕೊಡುತ್ತಿತ್ತು. ಆರ್ಡರು ಬದಲಾದರೆ ಹಳೆಯ ಅಳತೆ, ಹೊಸ ಅಳತೆ, ಬದಲಿಸಿದವರ ಹೆಸರು ಒಂದು ಪಟ್ಟಿಯಲ್ಲಿ ಉಳಿಯುತ್ತಿದ್ದವು. ಪಕ್ಕದಲ್ಲಿ 'ಕಾರಣ' ಎಂಬ ಖಾನೆ. ಅದನ್ನು ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಹೋಗದು. ಆಸಿಫ ಅಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಿದ್ದ. ಮಯೂರಿ ಮಾತ್ರ ಗಿರಾಕಿ ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿ, ಮರಾಠಿಯಲ್ಲಿ ಹೇಳಿದರೆ ಮರಾಠಿಯಲ್ಲಿ, ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯುತ್ತಿದ್ದಳು. ನಾಲ್ಕು ಸಾಲಾದರೂ ಸರಿಯೆ.

ಮೈಬೂಬ ಚಹಾದ ಗ್ಲಾಸು ಹಿಡಿದು ಆಫೀಸಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಳಗೆ ಬರುತ್ತಿರಲಿಲ್ಲ.

"ಏನವಾ, ಗಿರಾಕಿ ಕೆಮ್ಮಿದ್ದೂ ಬರೀತಿ ಏನು?"

"ಕೆಮ್ಮಿನಾಗ ಅಳತಿ ಹೇಳಿದ್ರ ಅದನ್ನೂ ಬರೀತೀನ್ರಿ ಚಾಚಾ."

ಆ ಬುಧವಾರ ಮಯೂರಿ ಬರುವಷ್ಟರಲ್ಲಿ ಮೈಬೂಬ ಪತ್ರಾ ಹಾಸಿ ಗೆರೆ ಎಳೆದಿದ್ದ. ಗ್ಯಾಸ್ ಕಟರಿಗೆ ಬೆಂಕಿ ಹಚ್ಚುವುದೊಂದೇ ಬಾಕಿ. ಅವಳು ಚಪ್ಪಲಿ ಬಿಡದೆ ಅಲ್ಲಿಯೇ ನಿಂತಳು.

"ಚಾಚಾ, ಇದು ಅಮೋಲ ಅವರ ಹತ್ತು ಟ್ರಾಲೀದಲ್ಲೇನ್ರಿ? ನಾಕ ಫೂಟ ಎತ್ತರ ಇತ್ತಲ್ರಿ. ಮೂರೂವರಿಗೆ ಗೆರಿ ಎಳದೀರಿ."

"ಚೀಟಿ ಹಂಗ ಬಂದೈತಿ. ನಿಮ್ಮ ಕಂಪ್ಯೂಟರಿಗೇ ಕೇಳು."

ಅಮೋಲ ಮಿರಜ ಕಡೆಯ ವ್ಯಾಪಾರಿ. ಅವನವು ಎರಡು ಆರ್ಡರು ಇದ್ದವು. ಹತ್ತು ಟ್ರಾಲಿ ಸೋಮವಾರ ಹೇಳಿದ್ದ. ಅದಕ್ಕೂ ಮೊದಲು ಹೇಳಿದ್ದ ನಾಲ್ಕು ಟ್ರಾಲಿಗಳು ಸಿದ್ಧವಾಗಿ, ಬಣ್ಣಕ್ಕೆ ಕಾಯುತ್ತ ಹೊರಗೆ ನಿಂತಿದ್ದವು. ಅವು ಶುಕ್ರವಾರ ಹೋಗಬೇಕು. ಮಯೂರಿ ಪಟ್ಟಿ ತೆಗೆದಳು. ಹತ್ತು ಟ್ರಾಲಿಯ ಎದುರು: ನಾಲ್ಕು ಅಡಿ ಹೋಗಿ ಮೂರೂವರೆ. ಬದಲಿಸಿದವರು ಆಸಿಫ. ಕಾರಣ: ಒಂದು ಚುಕ್ಕಿ.

ಅವಳು ಆಸಿಫನನ್ನು ಕರೆದಳು.

"ಮುಂಜಾನೆ ಫೋನ್ ಬಂದಿತ್ತು," ಎಂದ ಆಸಿಫ. "ಮೊನ್ನಿ ಆರ್ಡರಿಂದು ಆರಿಂಚ ಕಡಿಮಿ ಮಾಡ್ರಿ ಅಂದಾರ."

"ಅವರು ಅಂದದ್ದು ಹೇಳ್ರಿ ಅಣ್ಣಾ. ನೀವು ತಿಳಕೊಂಡದ್ದಲ್ಲ."

ಆಸಿಫ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. "ಪರವಾಚ್ಯಾ ಟ್ರಾಲ್ಯಾಂಚಿ ಉಂಚಿ ಸಹಾ ಇಂಚ ಕಮಿ ಕರಾ. ಹಿಂಗ ಅಂದಾರ ನೋಡು. ಪರವಾ ಅಂದ್ರ ಮೊನ್ನಿ ಅಲ್ಲೇನು?"

ಬಾಗಿಲಲ್ಲಿ ನಿಂತಿದ್ದ ಮೈಬೂಬ ಹಣೆಗೆ ಕೈ ಹಚ್ಚಿಕೊಂಡ. "ಲೇ ಆಸಿಫ, ಮರಾಠ್ಯಾಗ ಮೊನ್ನೀನೂ ಪರವಾ, ನಾಡದಾನೂ ಪರವಾ! ಸೋಮವಾರ ಹೇಳಿದ್ದೋ, ಶುಕ್ರವಾರ ಹೋಗೂದೋ?"

ಅಮೋಲನಿಗೆ ಮೂರು ಸಲ ಫೋನ್ ಮಾಡಿದರು. ಸ್ವಿಚ್ ಆಫ್. ಕಾಯೋಣವೆಂದರೆ ಕಾಯುವಂತಿರಲಿಲ್ಲ. ಶುಕ್ರವಾರದ ನಾಲ್ಕನ್ನು ಕುಗ್ಗಿಸಬೇಕಾದರೆ ಮೇಲಿನ ಪೈಪು ಕಿತ್ತು, ಆರಿಂಚು ಇಳಿಸಿ, ಮತ್ತೆ ಪೈಪು ಕೂರಿಸಿ, ಎರಡು ಕೈ ಬಣ್ಣ ಹೊಡೆದು ಒಣಗಿಸಬೇಕು, ಈಗಲೇ ಕೆಲಸಕ್ಕೆ ಹತ್ತಬೇಕು. ಹತ್ತರ ಪತ್ರಾ ಕತ್ತರಿಸಿ ತಪ್ಪಾದರೆ ಎಲ್ಲವೂ ಗುಜರಿಗೆ. ನಾಲ್ಕನ್ನು ಕತ್ತರಿಸಿ ತಪ್ಪಾದರೂ ಅಷ್ಟೆ. ಕತ್ತರಿಸಿದ ಕಬ್ಬಿಣ ಬೆಳೆಯುವುದಿಲ್ಲ.

ಮಯೂರಿ ಪಟ್ಟಿಯಲ್ಲಿ ಅಮೋಲನ ಹೆಸರು ಹಾಕಿ ಹುಡುಕಿದಳು. ಇವತ್ತಿನದು ಬಿಟ್ಟರೆ ವರ್ಷವೊಂದರಲ್ಲಿ ಅವನು ಹದಿನಾಲ್ಕು ಸಲ ಆರ್ಡರು ಬದಲಿಸಿದ್ದ. ಹದಿನಾಲ್ಕೂ ಸಲ ಬರೆದುಕೊಂಡವಳು ಮಯೂರಿಯೇ, ಹಾಗಾಗಿ ಅವನು ಆಡಿದ ಮಾತು ಅಲ್ಲಿತ್ತು. ಅವಳು ಒಂದೊಂದಾಗಿ ಓದಿದಳು. ಮೈಬೂಬ ಹೊಸ್ತಿಲಿಗೆ ಇನ್ನಷ್ಟು ಹತ್ತಿರ ಬಂದ.

"ಇಲ್ಲಿ ನೋಡ್ರಿ. 'ಪರವಾಚಿ ಟ್ರಾಲಿ ಲಾಲ ರಂಗಾಚಿ ಕರಾ.' ಕೆಂಪ ಬಣ್ಣ ಹಚ್ರಿ ಅಂತ. ಅದು ಎರಡು ದಿನ ಬಿಟ್ಟು ಹೋಗೂದಿತ್ತು. ಇಲ್ಲಿ, 'ತ್ಯಾ ದಿವಶಿ ಸಾಂಗಿತಲೇಲಿ ಆರ್ಡರ.' ಅವತ್ತು ಹೇಳಿದ ಆರ್ಡರ್ ಅಂತ. ಅದು ಹೇಳಿ ಎರಡ ದಿನ ಆಗಿತ್ರಿ. ಹಿಂದಿನ ದಿನಕ್ಕ ಅವರು ಒಮ್ಮಿನೂ ಪರವಾ ಅಂದಿಲ್ಲ. 'ತ್ಯಾ ದಿವಶಿ' ಅಂತಾರ. ಪರವಾ ಅಂದದ್ದು ಐದ ಸಲ. ಐದೂ ಸಲ ನಾಡದ."

ಶೆಡ್ಡಿನಲ್ಲಿ ವೆಲ್ಡಿಂಗ್ ನಿಂತಿತ್ತು.

"ತಪ್ಪಾದ್ರ?" ಎಂದ ಆಸಿಫ.

"ಆದ್ರ ಖಾನ್ಯಾಗ ನನ್ನ ಹೆಸರ ಇರತೈತ್ರಿ. ಚುಕ್ಕಿ ಇರೂದಿಲ್ಲ."

ಮೈಬೂಬ ಅವಳನ್ನೇ ನೋಡಿದ. ಮನುಷ್ಯನ ನಾಲಿಗೆಯ ರೂಢಿಯನ್ನು ಹೀಗೆ ಅಳತೆಪಟ್ಟಿ ಹಿಡಿದು ಅಳೆದವರನ್ನು ಅವನು ಕಂಡಿರಲಿಲ್ಲ. ತನ್ನ ಮೂವತ್ತೊಂದು ವರ್ಷದ ಖಡು, ಅಂಗೈಯಿಂದ ಒರೆಸಿದ ಗೋಡೆ ಕಣ್ಣ ಮುಂದೆ ಬಂತು. ಅಲ್ಲಿ ಎಷ್ಟು ಗಿರಾಕಿಗಳ ಎಷ್ಟು ಮಾತು ಅಳಿಸಿ ಹೋಗಿತ್ತೋ.

"ಹತ್ತರ ಪತ್ರಾ ಹಂಗ ಇರ್ಲಿ," ಎಂದ. "ಹೊರಗಿನ ನಾಕರಾಗ ಮೊದಲ ಒಂದ ತಗೀತೀನಿ. ಈ ಹುಡುಗಿ ಮಾತಿನ ಮ್ಯಾಲ."

ಪೈಪು ಬಿಚ್ಚಿ, ಸುತ್ತಲೂ ಗೆರೆ ಎಳೆದು, ಎರಡು ಸಲ ಅಳೆದು, ಅವನು ಬೆಂಕಿ ಹಚ್ಚಿದ. ನೀಲಿ ಜ್ವಾಲೆ ಗೆರೆಯ ಮೇಲೆ ನಿಧಾನವಾಗಿ ನಡೆಯಿತು. ಮಯೂರಿ ಆಫೀಸಿನಿಂದಲೇ ಸದ್ದು ಕೇಳುತ್ತ ಕುಳಿತಳು. ಚಹಾ ಆರಿ ಕೆನೆಗಟ್ಟಿತು.

ಮೊದಲ ಟ್ರಾಲಿಯ ನಾಲ್ಕನೇ ಬಾಜು ಇಳಿಯುವ ಹೊತ್ತಿಗೆ ಅಮೋಲನ ಫೋನ್ ಬಂತು. ಆಸಿಫ ಸ್ಪೀಕರಿಗೆ ಹಾಕಿ, ಯಾವ ಟ್ರಾಲಿ ಎಂದು ಕನ್ನಡದಲ್ಲೇ ಕೇಳಿದ. ಆ ಕಡೆಯಿಂದ ಕಬ್ಬು ಕಡಿಯುವ ಯಂತ್ರದ ಗದ್ದಲ.

"ಅರೇ ಶುಕ್ರವಾರದ್ದು ಆಸಿಫಭಾಯಿ, ಮತ್ಯಾವುದ್ರಿ! ಕಬ್ಬಿನ ಮಶೀನಿನ ತೋಳು ಟ್ರಾಲಿ ಮ್ಯಾಲಿನ ತನಕಾ ಮುಟ್ಟೂದಿಲ್ಲ. ಹತ್ತರದ್ದು ಬ್ಯಾರೆ ಗಿರಾಕೀದು, ಅದಕ್ಕ ಕೈ ಹಚ್ಚಬ್ಯಾಡ್ರಿ."

ಆಸಿಫ ಕುರ್ಚಿಯಲ್ಲಿ ಕುಸಿದು ಕುಳಿತು, "ಯಾ ಅಲ್ಲಾ," ಎಂದು ಮುಖ ಒರೆಸಿಕೊಂಡ. ಆಮೇಲೆ ತನ್ನ ಚುಕ್ಕಿಯನ್ನು ತೋರಿಸಿ, ಅದರ ಜಾಗದಲ್ಲಿ ಏನು ಬರೆಯಬೇಕು ಎಂದು ಮಯೂರಿಯನ್ನೇ ಕೇಳಿದ.

ಮೈಬೂಬ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಮೊದಲ ಸಲ ಆಫೀಸಿನ ಒಳಗೆ ಬಂದ. ಗಂಟಲು ಸರಿಮಾಡಿಕೊಳ್ಳಲು ಕೆಮ್ಮಿದ.

"ನನ್ನ ಮಾತೂ ಒಂದ ಬರಕೋ. 'ಫೋನ್ ಬರೂಕಿಂತ ಮೊದಲ, ಮಯೂರಿ ಹೇಳಿದ್ಲಂತ ಕತ್ತರಿಸೇನಿ. ಮೈಬೂಬ.' ಅಷ್ಟ."

ಕೀಲಿಮಣೆಯ ಸದ್ದು ಅಷ್ಟಕ್ಕೇ ನಿಲ್ಲಲಿಲ್ಲ; ಮಯೂರಿ ಸಾಲಿನ ಮೊದಲಿಗೆ ಹೋಗಿ ಇನ್ನೊಂದು ಪದ ಸೇರಿಸಿದಳು. ಮೈಬೂಬ ಬಗ್ಗಿ ಪರದೆ ನೋಡಿದ. ಓದುವುದು ಅವನಿಗೆ ತುಸು ನಿಧಾನ.

"ಮೊದಲಿಗೆ ಏನ ಬರದೀಬೇ ಅದು?"

"ಕೆಮ್ಮು ರೀ ಚಾಚಾ."