ಬಸ್ಸಿಗೆ ಸೇರಿದ ಶೋಕಗೀತೆ

ತಿಲೋಮೈ ಗಂಡನ ಬಸ್ಸಿನ ಮರದ ಸೀಟುಗಳನ್ನು ಅರ್ಧ ಒರೆಸಿದ್ದಳು. ಅಷ್ಟರಲ್ಲಿ ಗಂಡ ಫೆರೆತಿ ಹಾಡು ಹಾಕಿದ. ಅಪಿಯಾ ಪಟ್ಟಣದಲ್ಲಿ ಜನ ಹಾಡು ಕೇಳಿಯೇ ಬಸ್ಸು ಹತ್ತುವುದು, ಅದು ಅವಳಿಗೂ ಗೊತ್ತು. ಆದರೆ ಈ ಅಬ್ಬರದ ತಾಳದ ನಡುವೆ ಕೇಳುತ್ತಿದ್ದ ದನಿ ಅವಳದ್ದೇ. ಅಮ್ಮನ ಹೆಣದ ಪಕ್ಕ ಕೂತು ಹಾಡಿದ್ದು. ಅದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದ ಫೆರೆತಿ, ಅವಳು ಬಿಕ್ಕಿದ ತುಣುಕನ್ನೇ ಕತ್ತರಿಸಿ, ಮತ್ತೆ ಮತ್ತೆ ಬರುವಂತೆ ಮಾಡಿಸಿದ್ದ.

"ಇದು ಅಮ್ಮನ್ನ ಮಣ್ಣು ಮಾಡಿದ ದಿನದ್ದಲ್ವಾ?"

"ಹೂಂ ಕಣೇ! ಹುಡುಗೀರು ಕುಣೀತಾನೇ ಹತ್ತುತಾರೆ. ಹಿಂದಿನ ಬಸ್ಸಿನವನಿಗೆ ಹೊಟ್ಟೆಯುರಿ."

"ಥೂ! ನನ್ನ ಅಳೂನೂ ಬಿಡಲಿಲ್ವಲ್ಲೋ."

"ನಿಮ್ಮಮ್ಮ ಇದ್ದಿದ್ರೆ ಮೊದಲು ಅವರೇ ಸೊಂಟ ಕುಣಿಸ್ತಿದ್ರು, ಸುಮ್ನಿರು."

ಸೀಟಿನ ಕೆಳಗೆ ಯಾರೋ ಕಾರಿದ್ದನ್ನು ಬಳಿಯುವಾಗಲೂ ಅವಳಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ.

"ಶನಿವಾರ ನಿಮ್ಮ ಸೋದರಮಾವನ ಮಣ್ಣು. ಅವತ್ತೂ ಹಾಗೇ ಹಾಡು. ಫೋನ್ ಹಿಡ್ಕೊಂಡು ಹತ್ತಿರಾನೇ ಕೂರ್ತೀನಿ," ಎಂದ ಫೆರೆತಿ.

"ಆಯ್ತು," ಅಂದಳು.

ಮಾವನಿಗೆ ಮನಸ್ಸಿನಲ್ಲೇ ಹಾಡಿದರಾಯಿತು. ಶನಿವಾರ ಎಲ್ಲರ ಜೊತೆ ಕೂತು ಬರೀ ತುಟಿ ಆಡಿಸುವುದೆಂದು ನಿಶ್ಚಯಿಸಿ, ಅವಳು ಮುಂದಿನ ಸೀಟು ಒರೆಸತೊಡಗಿದಳು.