ಉಳಿದದ್ದು ರೂಢಿಯಂತೆ

ದೇವರುಗಳಿಗೆ ಶಿಸ್ತಿಲ್ಲ ಎಂಬುದು ಮುಕುಂದನಿಗೆ ೨೦೦೭ರಲ್ಲಿ ಗೊತ್ತಾಯಿತು. ಶಿವಾರಪಟ್ಟಣದ ಹೊಸಬೀದಿ ಶಿಲ್ಪಿಗಳ ಸಂಘಕ್ಕೆ ಬರುವ ವಿಗ್ರಹಗಳ ಆರ್ಡರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಅವನದು. ಮುಳಬಾಗಿಲಿನ ಲೆಕ್ಕಿಗರ ಮನೆತನ. ಜಗತ್ತೆಲ್ಲ ಗೆರೆ ಹಾಕಿದ ಕಾಲಂಗಳಲ್ಲಿ ಕೂರಬೇಕೆಂಬುದು ರಕ್ತದಲ್ಲೇ ಬಂದದ್ದು. ಊರು, ಎತ್ತರ, ಕಲ್ಲು, ಗಡುವು ತೆಪ್ಪಗೆ ಕೂತವು. ದೇವರುಗಳು ಕೂರಲಿಲ್ಲ. ಒಬ್ಬರಿಗೆ ಎರಡು ಕೈ, ಇನ್ನೊಬ್ಬರಿಗೆ ಎಂಟು. ಒಬ್ಬರಿಗೆ ಇಲಿ, ಇನ್ನೊಬ್ಬರಿಗೆ ವಾಹನವೇ ಇಲ್ಲ. ಒಂದೊಂದಕ್ಕೂ ಕಾಲಂ ಹಾಕುತ್ತಾ ಹೋದವನು ಅರವತ್ತನೆಯ ಕಾಲಂಗೆ ಸುಸ್ತಾದ.

ಕೊನೆಗೆ ‘ವಿವರ’ ಎಂಬ ಒಂದೇ ಕಾಲಂ ಮಾಡಿ, ಉಳಿದದ್ದನ್ನೆಲ್ಲ ಜೇಸನ್ ಎಂಬ ಹೊಸ ಪದ್ಧತಿಯಲ್ಲಿ ಎರಡು ಕಂಸಗಳ ನಡುವೆ ತುರುಕಿದ. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಅಧ್ಯಕ್ಷ ಕೋದಂಡರಾಮಪ್ಪನವರು ಹಳೆಯ ಆರ್ಡರು ಪುಸ್ತಕಗಳನ್ನು ಕಡಲೆಕಾಯಿ ಅಂಗಡಿಗೆ ಕಳಿಸಿ, ಆರು ತಿಂಗಳು ಒಂದೂ ತಪ್ಪಿಲ್ಲದೆ ನಡೆಸಿದರೆ ಕೆಲಸ ಕಾಯಂ ಎಂದರು.

ಕ್ಯಾಲನೂರಿನ ಕಡೆಯ ಹಳ್ಳಿಯಿಂದ ಚಿಕ್ಕಗಂಗಮ್ಮ ಬಂದಳು. ಊರ ಅಮ್ಮನ ವಿಗ್ರಹ ಸವೆದುಹೋಗಿತ್ತು. ಪೂಜೆ ಅವಳ ಮನೆಯವರದೇ.

“ನಮ್ಮಮ್ಮ ಆಯುಧ ಹಿಡಿಯಲ್ಲಪ್ಪ. ಎರಡೇ ಕೈ. ಒಂದರಲ್ಲಿ ರಾಗಿ ತೆನೆ, ಇನ್ನೊಂದು ಮಗೀನ ತಲೆ ಸವರೋ ಹಂಗಿರ್ಬೇಕು. ಬರ್ಕೊಂಡ್ಯಾ?”

ಮುಕುಂದ ಒಳಗೊಳಗೇ ನಗುತ್ತಾ ಎಲ್ಲವನ್ನೂ ಟೈಪ್ ಮಾಡಿದ.

ತಿಂಗಳಾದ ಮೇಲೆ ಅವಳ ಫೋನು: ಪೀಠ ಒಂಬತ್ತು ಅಂಗುಲ ಇರಲಿ. ಮುಕುಂದ ಅದನ್ನೂ ಏರಿಸಿದ. ಅವನು ಬರೆದಿದ್ದ ಪ್ರೋಗ್ರಾಂ ಹೊಸ ಮಾತನ್ನು ಹಳೆಯದರ ಪಕ್ಕದಲ್ಲಿ ಇಡಲಿಲ್ಲ. ಹಳೆಯದನ್ನು ಪೂರ್ತಿ ಎತ್ತಿ ಬಿಸಾಡಿ ಆ ಜಾಗದಲ್ಲಿ ಪೀಠವೊಂದನ್ನೇ ಕೂರಿಸಿತು. ‘ಬದಲಾವಣೆ ಯಶಸ್ವಿ’ ಎಂದು ಪರದೆ ಹೇಳಿತು. ಯಶಸ್ವಿಯಾದದ್ದನ್ನು ಯಾರು ತಿರುಗಿ ನೋಡುತ್ತಾರೆ?

ಶಿಲ್ಪಿ ಮುನಿರಾಮಪ್ಪನ ಕೈಗೆ ಅಚ್ಚಾದ ಹಾಳೆ ಹೋಯಿತು. ಪೀಠ ಒಂಬತ್ತು ಅಂಗುಲ, ಉಳಿದದ್ದು ರೂಢಿಯಂತೆ. ಖಾಲಿ ಜಾಗ ಚೆನ್ನಾಗಿ ಕಾಣುವುದಿಲ್ಲವೆಂದು ಆ ಕೊನೆಯ ಮಾತನ್ನು ಹಾಕಿಸಿದ್ದೂ ಮುಕುಂದನೇ. ಮುನಿರಾಮಪ್ಪ ರೂಢಿಯಂತೆಯೇ ಕೆತ್ತಿದ. ನಾಲ್ಕು ಕೈ, ತ್ರಿಶೂಲ, ಖಡ್ಗ, ಯಾವುದಕ್ಕೂ ಕೊರತೆಯಿಲ್ಲ.

ಮುಕುಂದನ ಆರು ತಿಂಗಳಿಗೆ ಇನ್ನು ನಾಲ್ಕೇ ದಿನವಿರುವಾಗ ಚಿಕ್ಕಗಂಗಮ್ಮ ಊರಿನ ಯಜಮಾನ ವೆಂಕಟರಮಣಪ್ಪನೊಂದಿಗೆ ಟ್ರ್ಯಾಕ್ಟರಿನಲ್ಲಿ ಬಂದಳು. ವಿಗ್ರಹದ ಮುಂದೆ ನಿಂತು ಅದರ ಕೈಗಳನ್ನು ಎಣಿಸಿದಳು.

“ಇವ್ರ್ಯಾರು? ನಮ್ಮಮ್ಮ ಎಲ್ಲಿ?”

ಕೋದಂಡರಾಮಪ್ಪನವರು ಹಾಳೆ ತೋರಿಸಿದರು. ಅದರಲ್ಲಿ ತೆನೆಯೂ ಇಲ್ಲ, ಮಗುವೂ ಇಲ್ಲ.

“ನೀನೇ ಹೇಳೋದು ಮರ್ತಿರ್ಬೇಕು ಗಂಗಕ್ಕ,” ಎಂದ ವೆಂಕಟರಮಣಪ್ಪ. “ಮಿಷನ್ನು ಸುಳ್ಳು ಹೇಳ್ತದಾ? ನಾಡಿದ್ದು ಪ್ರತಿಷ್ಠೆ, ಎತ್ಕೊಂಡು ಹೋಗಾನ.”

ಅವಳು ಸೆರಗಿನ ತುದಿ ಹಿಂಡಿದಳು. “ಹೇಳಿದ್ದೆ ಅನ್ಕೊಂಡಿದ್ದೆ. ಹೇಳ್ಲಿಲ್ವೇನೋ… ವಯಸ್ಸಾಯ್ತು.”

ಆ ತೆನೆಯನ್ನು ಟೈಪ್ ಮಾಡುತ್ತಾ ನಕ್ಕಿದ್ದು ಮುಕುಂದನಿಗೆ ಚೆನ್ನಾಗಿ ನೆನಪಿತ್ತು. ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಸುಮ್ಮನಿರಲಾಗಲಿಲ್ಲ.

“ನೀವು ಹೇಳಿದ್ರಮ್ಮ. ಟೈಪ್ ಮಾಡಿದ್ದೂ ನಾನೇ, ಅಳಿಸಿ ಹೋಗೋ ಹಾಗೆ ಪ್ರೋಗ್ರಾಂ ಬರೆದಿದ್ದೂ ನಾನೇ.”

ಕೋದಂಡರಾಮಪ್ಪನವರು ಜೋರಾಗಿ ನಕ್ಕರು. “ನೋಡಿ, ಎಂಥ ಮೆತ್ತನೆ ಮನಸ್ಸು! ಹೆಂಗಸರು ಮುಖ ಸಪ್ಪಗೆ ಮಾಡಿದ್ರೆ ತಡ್ಕೊಳಲ್ಲ. ಲೇ ಮುಕುಂದ, ಆಯಮ್ಮ ಹೇಳಿದ್ದು ಕಂಪ್ಯೂಟರಲ್ಲಿ ಐತಾ?”

“ಇಲ್ಲ ಸಾರ್.”

“ಮತ್ತೆ?”

ಖಡ್ಗ ಹಿಡಿದ ಅಮ್ಮನನ್ನು ನಾಲ್ಕು ಜನ ಟ್ರ್ಯಾಕ್ಟರಿಗೆ ಏರಿಸಿದರು. ಚಿಕ್ಕಗಂಗಮ್ಮ ಪಕ್ಕದಲ್ಲಿ, ಪರಿಚಯವಿಲ್ಲದ ಹೆಂಗಸಿನೊಡನೆ ಪಯಣಿಸುವವಳಂತೆ ಸ್ವಲ್ಪ ಸರಿದು ಕೂತಳು.

ಐದನೆಯ ದಿನ ಮುಕುಂದನಿಗೆ ಕಾಯಂ ಆದೇಶ ಬಂತು. ಆರು ತಿಂಗಳ ದಾಖಲೆಯನ್ನೆಲ್ಲ ಪರಿಶೀಲಿಸಲಾಗಿದೆ, ಒಂದೂ ತಪ್ಪು ಕಂಡುಬಂದಿಲ್ಲ ಎಂದಿತ್ತು. ಅವನು ಎರಡು ಸಲ ಓದಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.